ವೈನಿಗೆ ಯಾರ ಬೆವರು

ಒಬ್ಬರು ನಡೆದರೆ ಇನ್ನೊಬ್ಬರ ಹೃದಯ ಗಟ್ಟಿಯಾಗುತ್ತದೆ ಎಂದು ಡಾಕ್ಟರು ಹೇಳಿದಾಗ ನಮ್ಮ ಮನೆಯವರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಡಾಕ್ಟರಿಗೇ.

ಡಾ. ರೇಷ್ಮಾ ನದಾಫ್ ನಮ್ಮನ್ನು ಒಪ್ಪಿಸಬೇಕೆಂದು ಬಹಳ ತಯಾರಿ ಮಾಡಿಕೊಂಡಿದ್ದರು. ಗೋಡೆಯ ಪರದೆಯ ಮೇಲೆ ಬಣ್ಣದ ಚಿತ್ರಗಳಿದ್ದವು. ಓಡುವ ಮನುಷ್ಯ, ಅವನ ಕಾಲಿನಿಂದ ಹೊರಡುವ ಬಾಣದ ಗುರುತು, ಆ ಬಾಣ ಹೋಗಿ ಮುಟ್ಟುವ ಇನ್ನೊಬ್ಬರ ಎದೆ. ಎರಡನೆಯ ಚಿತ್ರಕ್ಕೇ ಅವ್ವ ತಲೆಯಾಡಿಸಿಬಿಟ್ಟಳು.

"ನಮ್ಮ ಮನೆಯವರಿಗೆ ಕಾಮಣಿ ಆದಾಗ ನಾ ಹುಲಿಗೆಮ್ಮನ ಗುಡಿ ಸುತ್ತ ದೀಡ ನಮಸ್ಕಾರ ಹಾಕಿದ್ನಿರಿ. ಜಡ್ಡು ಅವರ್ದು, ಅಡ್ಡ ಬಿದ್ದಾಕಿ ನಾನು. ಅವರು ಆರಾಮಾದ್ರು."

"ಅದು ಬ್ಯಾರೆ ಅಮ್ಮಾ. ಇದು ರಕ್ತದ ವಿಚಾರ," ಎಂದರು ಡಾಕ್ಟರು.

"ಇರ್ಲಿ ಬಿಡ್ರಿ ಬಾಯಾರ. ಯಾರು ನಡೀಬೇಕು, ಅದನ್ನ ಹೇಳ್ರಿ."

ಡಾಕ್ಟರು ಉಳಿದ ಚಿತ್ರಗಳನ್ನು ಬೇಗ ಬೇಗ ದಾಟಿಸಿದರು. ಪಾಪ, ಅವರ ಮುಖ ಸಣ್ಣದಾಗಿತ್ತು.

ವೈನಿ ಎಂದರೆ ನನ್ನ ಅಣ್ಣ ಯಮನೂರಪ್ಪನ ಹೆಂಡತಿ ಕಸ್ತೂರಿ. ಅವಳ ತೊಡೆಯ ಎಲುಬಿನಲ್ಲಿ ಗಡ್ಡೆಯಾಗಿತ್ತು. ಗಡ್ಡೆ ಇದ್ದಷ್ಟು ಎಲುಬನ್ನು ತೆಗೆದು ಲೋಹದ ಸರಳು ಕೂರಿಸಿದ್ದರು. ಕಣ್ಣಿಗೆ ಕಾಣದೆ ಉಳಿದುಕೊಂಡದ್ದನ್ನು ಸುಡುವುದಕ್ಕೆ ಕೆಂಪು ಔಷಧ. ಅದು ನಿಜಕ್ಕೂ ಕೆಂಪು, ಮದುವೆ ಮನೆಯ ಶರಬತ್ತಿನ ಹಾಗೆ. ಎಷ್ಟೋ ವರ್ಷಗಳ ಹಳೆಯ ಔಷಧ, ಇನ್ನೂ ಅದರಷ್ಟು ಗಟ್ಟಿಯಾದದ್ದು ಬಂದಿಲ್ಲ ಎನ್ನುತ್ತಿದ್ದರು. ಆದರೆ ಅದಕ್ಕೆ ಗಡ್ಡೆ ಯಾವುದು, ಹೃದಯ ಯಾವುದು ಎಂಬ ಗುರುತಿಲ್ಲ. ಎರಡು ಸಲ ಏರಿಸಿದ ಮೇಲೆ ವೈನಿಗೆ ಕುಳಿತಲ್ಲೇ ಏದುಸಿರು ಬರತೊಡಗಿತು. ಅವಳು ಬೈಯುವಾಗ ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದನ್ನು ನೋಡಿದ ದಿನವೇ ನನಗೆ ಹೆದರಿಕೆಯಾಯಿತು. ವೈನಿ ಬೈಗುಳವನ್ನು ನಡುವೆ ನಿಲ್ಲಿಸುವವಳಲ್ಲ.

ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಎಂಬುದಕ್ಕೆ ಒಂದು ಅಂಕಿ ಇದೆ. ವೈನಿಯದು ಅರವತ್ತೆರಡು ಇದ್ದದ್ದು ಐವತ್ತೊಂದಕ್ಕೆ ಇಳಿದಿತ್ತು. ಐವತ್ತರ ಕೆಳಗೆ ಹೋದರೆ ಕೆಂಪು ಔಷಧ ನಿಲ್ಲಿಸಬೇಕು. ನಿಲ್ಲಿಸಿದರೆ ಗಡ್ಡೆ ಮತ್ತೆ ಬರುತ್ತದೆ. ಇನ್ನೂ ನಾಲ್ಕು ಸಲ ಕೊಡುವುದು ಬಾಕಿ ಇತ್ತು.

ಕಾಲು ಗಟ್ಟಿ ಇರುವ ರೋಗಿಗಳು ತಾವೇ ದಿನಾ ಉಸಿರೇರುವ ಹಾಗೆ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ದುಡಿದ ಸ್ನಾಯುಗಳು ರಕ್ತಕ್ಕೆ ಕಣ್ಣಿಗೆ ಕಾಣದ ಗುಳ್ಳೆಗಳನ್ನು ಬಿಡುತ್ತವಂತೆ. ಒಂದೊಂದು ಗುಳ್ಳೆಯೊಳಗೂ ಒಂದು ಸುದ್ದಿ. 'ಕೆಲಸ ಹೆಚ್ಚಾಗಲಿದೆ, ಗಟ್ಟಿಯಾಗು' ಎಂದು ಅವು ಹೃದಯಕ್ಕೆ ಹೇಳುತ್ತವೆ. ಹೃದಯ ತನ್ನೊಳಗಿನ ಒಲೆಗಳನ್ನೆಲ್ಲ ಸರಿಮಾಡಿಕೊಂಡು ಕೂರುತ್ತದೆ. ಆಮೇಲೆ ಕೆಂಪು ಔಷಧ ಬಂದರೂ ಅಷ್ಟಾಗಿ ಸುಡುವುದಿಲ್ಲ. ವೈನಿ ಕಾಲು ಊರುವಂತಿರಲಿಲ್ಲ. ಅಂಥವರಿಗಾಗಿ ಹೊಸ ಯಂತ್ರ ಬಂದಿತ್ತು. ಬೇರೆಯವರು ತುಳಿಯಬೇಕು, ಅವರ ರಕ್ತದಿಂದ ಆ ಗುಳ್ಳೆಗಳನ್ನಷ್ಟೇ ಸೋಸಿ ಸಣ್ಣ ಸೀಸೆಯಲ್ಲಿ ಹಿಡಿಯಬೇಕು, ಔಷಧದ ಹಿಂದಿನ ದಿನ ರೋಗಿಯ ನರಕ್ಕೆ ಏರಿಸಬೇಕು. ಅದಕ್ಕೊಂದು ಉದ್ದನೆಯ ಹೆಸರಿತ್ತು. ಆಸ್ಪತ್ರೆಗೆ ಬರುವ ಜನ ಬೆವರು ಎನ್ನುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ಕುಳಿತವರು ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದೇ ಅದು: "ನಿಮ್ಮ ಮಗಗ ಯಾರ ಬೆವರು?"

ಅವ್ವನಿಗೆ ಸಕ್ಕರೆ ಕಾಯಿಲೆ, ಮೊಣಕಾಲೂ ಹಿಡಿದಿತ್ತು. ರಕ್ತ ಹೊಂದಿದ್ದು ಅಣ್ಣನದು ಮತ್ತು ನನ್ನದು. ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ದ್ಯಾಮಿ ಮಂದ್ಯಾಗ ಕುಂತು ಉಣ್ಣಾಕೂ ನಾಚ್ತಾಳ್ರಿ. ಮಂದ್ಯಾಗ ಸೈಕಲ್ ಎಲ್ಲಿ ತುಳೀತಾಳ?" ಎಂದ ಅಣ್ಣ. "ಹೇಂತಿ ನನ್ನಾಕಿ. ನಾನs ತುಳೀತೀನಿ."

ಅವನು ಹೇಳಿದ್ದು ಸುಳ್ಳಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತವಳು ನಾನು. ಖಾನಾವಳಿಯ ಹುಡುಗ ಬಂದು ರೊಟ್ಟಿ ಒಯ್ಯುತ್ತಾನೆ, ಅವನ ಜೊತೆಯೂ ಅವ್ವನೇ ಮಾತಾಡುತ್ತಾಳೆ. ಮಾತು ನನಗೆ ಬೇಕಾಗುವುದಿಲ್ಲ. ನಾಲ್ಕು ಜನ ಮಾತಾಡುವಲ್ಲಿ ಒಬ್ಬರಾದರೂ ನೋಡುತ್ತಿರಬೇಕಲ್ಲ.

*

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಲ್ಯಾಬು. ಅದರ ಪಕ್ಕದಲ್ಲೇ ಬೆವರು ಕೊಡುವವರ ಕೋಣೆ. ಸಾಲಾಗಿ ಸೈಕಲ್ಲುಗಳು, ಒಂದಕ್ಕೂ ಗಾಲಿ ಇಲ್ಲ. ಪಂಚೆ ಉಟ್ಟ ಗೌಡರೊಬ್ಬರು ಮೊಮ್ಮಗಳಿಗಾಗಿ ತುಳಿಯುತ್ತಿದ್ದರು, ಕಾಲೇಜಿನ ಹುಡುಗಿಯೊಬ್ಬಳು ತಾಯಿಗಾಗಿ. ಎಲ್ಲರ ಕಿವಿಗೂ ಒಂದು ಚಿಮಟ ಕಚ್ಚಿಸಿದ್ದರು. ಉಸಿರು ಸಾಕಷ್ಟು ಏರದಿದ್ದರೆ ಅದು ಸಣ್ಣಗೆ ಕೂಗುತ್ತಿತ್ತು. ಗೌಡರದು ಆಗಾಗ ಕೂಗುತ್ತಿತ್ತು. "ಏ, ಸುಮ್ನಿರಲೇ," ಎಂದು ಅವರು ಅದನ್ನೇ ಗದರಿಸುತ್ತಿದ್ದರು.

ಲ್ಯಾಬಿನ ಬಡಿಗೇರ ಎಂಬವರು ನಮ್ಮನ್ನು ಒಂದು ಗಾಜಿನ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದರು. ಒಳಗೆ ಸಾಲು ಸಾಲು ಸಣ್ಣ ತಟ್ಟೆಗಳು, ಒಂದೊಂದಕ್ಕೂ ಒಂದು ಹೆಸರು. ವೈನಿಯ ಹೆಸರಿನ ತಟ್ಟೆಯಲ್ಲಿ ತಿಳಿ ಗುಲಾಬಿ ನೀರು, ಅದರ ನಡುವೆ ಸಾಬುದಾನಿ ಕಾಳಿನಷ್ಟು ಏನೋ ಇತ್ತು. ಬಡಿಗೇರರು ಮೇಲಿನ ಪರದೆ ಹಚ್ಚಿದರು. ಆ ಕಾಳು ಅಂಗೈಯಷ್ಟಾಗಿ ಕಂಡಿತು. ಅದು ಮುದುಡುತ್ತಿತ್ತು, ಅರಳುತ್ತಿತ್ತು, ಮುದುಡುತ್ತಿತ್ತು.

"ಕಸ್ತೂರಿಯವರ ತೋಳಿನ ಚರ್ಮ ಚೂರು ತಗೊಂಡು ಬೆಳೆಸೇವ್ರಿ. ಇದು ಅವರ ಹೃದಯದ್ದs ತುಣುಕು. ಸಿಟ್ಟೊಂದು ಬಂದಿಲ್ಲ ನೋಡ್ರಿ ಇದಕ್ಕ."

ಬಡಿಗೇರರಿಗೆ ವೈನಿಯ ಪರಿಚಯವಾಗಿತ್ತು ಎಂದು ತಿಳಿಯಿತು.

ಸೀಸೆಯ ಬೆವರನ್ನು ಮೊದಲು ಈ ತಟ್ಟೆಗೆ ಹಾಕುತ್ತಾರೆ. ಆಮೇಲೆ ಒಂದು ಹನಿ ಕೆಂಪು ಔಷಧ. ಮರುದಿನ ಅದೇ ಹೊತ್ತಿಗೆ ಕಾಳು ಇನ್ನೂ ಮೊದಲಿನ ಹಾಗೆ ಬಡಿಯುತ್ತಿದ್ದರೆ ಆ ಬೆವರು ವೈನಿಗೆ. ನಿಂತರೆ ಇಲ್ಲ. ಕಾಳು ನಿಂತರೆ ಹೊಸದು ಬೆಳೆಸಬಹುದು, ಒಳಗಿನದು ನಿಂತರೆ ಬೆಳೆಸಲಿಕ್ಕಾಗುವುದಿಲ್ಲ ಎಂದರು ಬಡಿಗೇರ.

ಅಣ್ಣ ಗಾಜಿಗೆ ಮೂಗು ಹಚ್ಚಿ ನಿಂತಿದ್ದ. "ಇದಕ್ಕ ನನ್ನ ಗುರುತು ಐತೇನ್ರಿ?" ಎಂದು ಮೆಲ್ಲಗೆ ಕೇಳಿದ.

"ನಿಮ್ಮ ಬೆವರು ಬರ್ಲಿ, ಆಮ್ಯಾಲೆ ಕೇಳೂಣು."

*

ಅಣ್ಣ ಕರೆಂಟ್ ಬಸ್ಸುಗಳ ಡಿಪೋದಲ್ಲಿ ಚಾರ್ಜು ಹಾಕುವ ಕೆಲಸ ಮಾಡುತ್ತಾನೆ. ವೈರು ಚುಚ್ಚಿ ಕುರ್ಚಿಯ ಮೇಲೆ ಕೂರುವ ಕೆಲಸ. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಈಗ ಅವನು ನಸುಕಿನಲ್ಲಿ ಎದ್ದು ಬರಿಗಾಲಲ್ಲಿ ಹೊಲಗಳ ಕಡೆಗೆ ಬಿರುಬಿರು ನಡೆದು ಬರುತ್ತಿದ್ದ, ಡಿಪೋಕ್ಕೆ ಹೋಗುತ್ತಿದ್ದ, ಸಂಜೆ ಆಸ್ಪತ್ರೆಗೆ ಹೋಗಿ ತುಳಿಯುತ್ತಿದ್ದ. ಡಾಕ್ಟರು ಹೇಳಿದ್ದು ಇಷ್ಟಾದರೆ ಅವನು ಅದರ ಎರಡರಷ್ಟು ಮಾಡುತ್ತಿದ್ದ.

ಮಂಚದ ಮೇಲಿನಿಂದ ವೈನಿ ನೋಡುತ್ತಿದ್ದಳು. "ಲಗ್ನ ಆಗಿ ಎಂಟು ವರ್ಷ ಆತು. ನಳ ಬಂದಾಗ ಒಂದು ಕೊಡ ತುಂಬಿ ಕೊಟ್ಟ ಮನಶಾ ಅಲ್ಲ. ಈಗ ನೋಡು, ಊರs ಸುತ್ತಾಕತ್ತಾನ."

"ನಿನ್ನ ಸಲುವಾಗಿನs ಸುತ್ತಾಕತ್ತೀನಿ," ಎಂದ ಅಣ್ಣ.

"ಹಂಗಾರ ಬರೂವಾಗ ಕೊತ್ತಂಬರಿ ತರ್ರಿ. ಬರಿಗೈಲೆ ಯಾಕ ಬರ್ತೀರಿ?"

ಅವಳಿಗೆ ನಗು ಬಂದು ನಗುವಿನ ಹಿಂದೆ ಏದುಸಿರು ಬಂದಿತು. ಅಣ್ಣ ಚೊಂಬು ನೀರು ಹಿಡಿದು ಅವಳ ಪಕ್ಕ ನಿಂತ. ಮರುದಿನ ಕೊತ್ತಂಬರಿಯನ್ನೂ ತಂದ.

ಅವನು ದಿನದಿಂದ ದಿನಕ್ಕೆ ತೆಳ್ಳಗಾದ. ಅವ್ವ ಅದನ್ನು ನೋಡಿ ಸಂತೋಷಪಟ್ಟಳು, ಕೊಬ್ಬು ಇಳಿಯಲಿ ಎಂದಳು. ನನಗೆ ಅನುಮಾನ ಬಂದದ್ದು ಬೇರೆ ಕಾರಣಕ್ಕೆ. ಡಿಪೋದಿಂದ ಊಟದ ಡಬ್ಬಿ ತೊಳೆದುಕೊಂಡು ಬರುತ್ತಿತ್ತು. ನಮ್ಮ ಅಣ್ಣ ಹುಟ್ಟಿದಾಗಿನಿಂದ ಉಂಡ ತಾಟು ಎತ್ತಿಟ್ಟವನಲ್ಲ. ಡಬ್ಬಿ ತೊಳೆದಿರುವುದಷ್ಟೇ ಅಲ್ಲ, ಒರೆಸಿ, ಮುಚ್ಚಳವನ್ನು ಸರಿಯಾಗಿ ಕೂರಿಸಿ ಇರುತ್ತಿತ್ತು. ಅದು ಬೇರೆಯವರ ಕೈ.

ತಿಂಗಳಾದ ಮೇಲೆ ಮೊದಲ ಸೀಸೆ ತುಂಬಿದರು. ತಟ್ಟೆಗೆ ಹಾಕಿದರು. ಮರುದಿನ ಮಧ್ಯಾಹ್ನ ನಾವು ಹೋದಾಗ ಪರದೆಯ ಮೇಲೆ ಕಾಳು ಸುಮ್ಮನಿತ್ತು. ನಾನು ಬಹಳ ಹೊತ್ತು ನೋಡಿದೆ. ಒಂದು ಸಲ ಅಂಚು ನಡುಗಿತು ಎನ್ನಿಸಿತು, ಆಮೇಲೆ ಅದೂ ಇಲ್ಲ.

ಡಾ. ನದಾಫರು ಯಂತ್ರವನ್ನು ತಾವೇ ಪರೀಕ್ಷೆ ಮಾಡಿದರು. ಗೌಡರ ಬೆವರು ಸರಿ ಬಂದಿತ್ತು, ಕಾಲೇಜಿನ ಹುಡುಗಿಯದೂ ಸರಿ ಬಂದಿತ್ತು. "ನಿದ್ದೆ ಮಾಡ್ತೀರಾ?" ಎಂದು ಅಣ್ಣನನ್ನು ಕೇಳಿದರು. "ಮಾಡ್ತೀನ್ರಿ." "ಊಟ?" "ಮೂರು ಹೊತ್ತು, ಭರ್ತಿರಿ." "ಬೀಡಿ, ಎಲೆ ಅಡಿಕೆ?" "ಬಿಟ್ಟು ಬಿಟ್ಟೀನ್ರಿ." ಡಾಕ್ಟರು ಹಣೆ ಉಜ್ಜಿಕೊಂಡರು. ಔಷಧವನ್ನು ಇನ್ನು ಬಹಳ ದಿನ ಮುಂದೆ ಹಾಕುವಂತಿಲ್ಲ, ಇನ್ನೊಂದು ವಾರ ನೋಡೋಣ, ಹೊಸಬರನ್ನು ತಯಾರು ಮಾಡಲು ಮತ್ತೆ ತಿಂಗಳು ಬೇಕು, ಅಷ್ಟು ಸಮಯ ಗಡ್ಡೆ ನಮಗೆ ಕೊಡುವುದಿಲ್ಲ ಎಂದರು.

ಆ ವಾರ ಅಣ್ಣ ಇನ್ನೂ ಹೆಚ್ಚು ನಡೆದ.

ನಾನು ಒಂದು ಕೆಲಸ ಮಾಡಿದೆ. ಸೀಸೆ ತುಂಬಿ ಕೊಟ್ಟುಬಂದ ಮರುದಿನ, ಫಲಿತಾಂಶ ನೋಡಲು ಹೋಗುವ ದಿನ, ಡಬ್ಬಿಯಲ್ಲಿ ರೊಟ್ಟಿ ಪಲ್ಯದ ಬದಲು ಹೋಳಿಗೆ ಇಟ್ಟೆ. ಯಾವ ಹಬ್ಬವೂ ಇರಲಿಲ್ಲ. ಹೋಳಿಗೆ ಎಂದರೆ ಅಣ್ಣ ಲೆಕ್ಕ ಮರೆಯುವವನು, ಮಾಡಿದವರನ್ನು ಎರಡು ದಿನ ಹೊಗಳುವವನು. ಮಧ್ಯಾಹ್ನ ರಜೆ ಹಾಕಿ ಆಸ್ಪತ್ರೆಗೆ ಹೊರಡಲು ಮನೆಗೆ ಬಂದಾಗ ತೊಳೆದ ಡಬ್ಬಿ ಕಟ್ಟೆಯ ಮೇಲಿಟ್ಟ.

"ಪಲ್ಯ ಹೆಂಗಿತ್ತಣ್ಣಾ?" ಎಂದೆ.

"ಚಲೋ ಇತ್ತು. ಉಪ್ಪು ತಟಕು ಮುಂದಾಗಿತ್ತು," ಎಂದ.

*

ಎರಡನೆಯ ಕಾಳೂ ನಿಂತಿತ್ತು.

ಡಾಕ್ಟರ ಕೋಣೆಯಲ್ಲಿ ಅಣ್ಣ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಅವನ ಕೊರಳ ಎಲುಬುಗಳು ಅಂಗಿಯ ಹೊರಗೆ ಕಾಣುತ್ತಿದ್ದವು. ಡಾಕ್ಟರು ಮತ್ತೆ ಅವೇ ಪ್ರಶ್ನೆಗಳನ್ನು ಕೇಳಿದರು, ಅಣ್ಣ ಮತ್ತೆ ಅವೇ ಉತ್ತರ ಕೊಟ್ಟ. ಮೂರು ಹೊತ್ತು, ಭರ್ತಿ. ಡಾಕ್ಟರು ವೈನಿಯ ಚೀಟಿಯನ್ನು ಹತ್ತಿರ ಎಳೆದುಕೊಂಡರು. ಬೆವರಿಲ್ಲದೆಯೇ ಔಷಧ ಕೊಟ್ಟು ನೋಡುವುದೋ, ಔಷಧವನ್ನೇ ನಿಲ್ಲಿಸುವುದೋ ಎಂದು ಹೇಳತೊಡಗಿದರು. ಎರಡರಲ್ಲಿ ಯಾವುದನ್ನು ಹೇಳಿದರೂ ಅವರ ದನಿ ಒಂದೇ ಥರ ಇತ್ತು.

ಮಾತು ನಾಲಿಗೆಯ ಮೇಲೆ ಬಂದು ಹಿಂದೆ ಹೋಗುತ್ತಿತ್ತು. ಕೊನೆಗೆ ನಾನು ಡಾಕ್ಟರ ಕಡೆ ನೋಡದೆ ಅಣ್ಣನ ಕಡೆ ನೋಡಿ ಹೇಳಿದೆ.

"ಇವತ್ತ ಡಬ್ಬ್ಯಾಗ ಪಲ್ಯ ಇರಲಿಲ್ಲಣ್ಣಾ. ಹೋಳಿಗಿ ಇತ್ತು."

ಅಣ್ಣನ ಮುಖ ಹಣೆಯಿಂದ ಗದ್ದದವರೆಗೆ ಕೆಂಪಾಯಿತು. ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದರು. ಆಮೇಲೆ ಅವ್ವ, "ಹರಕಿ ಹೊತ್ತೀಯೇನಪಾ?" ಎಂದು ಕೇಳಿದಳು.

ಅವನು ತಲೆ ತಗ್ಗಿಸಿದ. ಹೊತ್ತ ಹರಕೆಯನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಫಲವಿಲ್ಲ ಎಂದು ನಮ್ಮಲ್ಲಿ ಸಣ್ಣವರಿದ್ದಾಗಿನಿಂದ ಕೇಳಿದ ಮಾತು. ಅದಕ್ಕೇ ಅವನು ಹೇಳಿರಲಿಲ್ಲ. ಕಸ್ತೂರಿ ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ದಿನಕ್ಕೆ ಒಂದೇ ಹೊತ್ತು, ಅದೂ ದೀಪ ಹಚ್ಚಿದ ಮೇಲೆ ಒಂದು ಹಿಡಿ. ಬೆವರು ಕೊಡುವುದು ಎಂದು ತೀರ್ಮಾನವಾದ ದಿನವೇ ಹುಲಿಗೆಮ್ಮನಿಗೆ ಹೊತ್ತುಕೊಂಡಿದ್ದ. ಮುಂಜಾನೆಯದನ್ನು ಡಿಪೋದಲ್ಲಿ ತಿನ್ನುತ್ತೇನೆ, ರಾತ್ರಿ ಮಧ್ಯಾಹ್ನದ್ದೇ ಹೆಚ್ಚಾಗಿದೆ ಎಂದು ಮನೆಯಲ್ಲಿ ಹೇಳಿ ದಾಟಿಸುತ್ತಿದ್ದ. ಒಬ್ಬರ ಸಲುವಾಗಿ ನಡೆಯುವುದೆಂದರೆ ಹೊಟ್ಟೆ ತುಂಬ ಉಂಡು ನಡೆಯುತ್ತಾರೆಯೇ? ಅವನಿಗೆ ಅದು ತೋಚಿಯೇ ಇರಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಹಸಿದ ಮೈ ಬ್ಯಾರೆ ಸುದ್ದಿ ಕಳಸ್ತದ ಯಮನೂರಪ್ಪಾ. 'ಬರ ಬಂದದ, ಒಲಿ ಆರಿಸು, ಇದ್ದದ್ದನ್ನ ಉಳಿಸ್ಕೋ' ಅಂತ. ನೀವು ನಡೆದಷ್ಟೂ ಆ ಸುದ್ದಿನs ಜೋರಾತು. ನಾವು ಅದನ್ನ ಸೋಸಿ, ಆಕಿ ಹೃದಯಕ್ಕ ಕೊಡಾಕ ಹೊಂಟಿದ್ವಿ." ಕನ್ನಡಕವನ್ನು ಮತ್ತೆ ಹಾಕಿಕೊಂಡು, "ನನ್ನದೂ ತಪ್ಪದ. ಊಟ ಮಾಡ್ತೀರಾ ಅಂತ ಕೇಳಿದೆ. ಹರಕಿ ಅದ ಏನು ಅಂತ ಕೇಳಲಿಲ್ಲ. ನನ್ನ ಅಮ್ಮನೂ ನನ್ನ ಪರೀಕ್ಷೆ ದಿನಾ ರೋಜಾ ಇರ್ತಿದ್ರು," ಎಂದರು.

ಸರಿಯಾಗಿ ಉಂಡರೆ ಎರಡು ವಾರದಲ್ಲಿ ಸ್ನಾಯುಗಳು ಸುದ್ದಿ ಬದಲಿಸಬಹುದು, ನಡೆದು ಪಳಗಿದ ಕಾಲು ಹೇಗೂ ಇದೆ, ಔಷಧವನ್ನು ಅಷ್ಟು ದಿನ ಮಾತ್ರ ಮುಂದೆ ಹಾಕಬಹುದು ಎಂದರು. ಕೊನೆಯ ಅವಕಾಶ ಎಂದು ಹೇಳಲಿಲ್ಲ. ನಮಗೆ ತಿಳಿಯಿತು.

*

ಅಣ್ಣ ಉಣ್ಣಲಿಲ್ಲ.

ಹಟದಿಂದಲ್ಲ, ಹೆದರಿಕೆಯಿಂದ. ತಾಟಿನ ಮುಂದೆ ಕುಳಿತು ರೊಟ್ಟಿ ಮುರಿಯುತ್ತಿದ್ದ, ಕೈ ಬಾಯಿಗೆ ಹೋಗುತ್ತಿರಲಿಲ್ಲ. "ಹರಕಿ ಮುರಿದು ಆಕಿಗೇನರ ಆದ್ರ?" ಎನ್ನುತ್ತಿದ್ದ. ಅವ್ವನಿಗೂ ಅದೇ ಹೆದರಿಕೆ. ಉಣ್ಣು ಎಂದು ಒತ್ತಾಯ ಮಾಡಲೂ ಆಗದೆ, ಬೇಡ ಎನ್ನಲೂ ಆಗದೆ ಅಡುಗೆ ಮನೆಗೂ ಪಡಸಾಲೆಗೂ ತಿರುಗುತ್ತಿದ್ದಳು. ನನ್ನ ಜೊತೆ ಅಣ್ಣ ಮಾತು ಬಿಟ್ಟಿದ್ದ.

ಎರಡು ದಿನ ಇದನ್ನು ನೋಡಿ ಮೂರನೆಯ ದಿನ ಮಧ್ಯಾಹ್ನ ವೈನಿ ಮಂಚದ ಮೇಲಿನಿಂದಲೇ ಪಂಚಾಯಿತಿ ಮಾಡಿದಳು. ಉಸಿರಿಗಾಗಿ ನಡುನಡುವೆ ನಿಲ್ಲಿಸುತ್ತಿದ್ದಳು, ಆದರೆ ಬಿಡಲಿಲ್ಲ.

"ನನ್ನ ಬದ್ಲಿ ನೀವು ನಡದ್ರ ನನಗ ಮುಟ್ಟತೈತಿ. ಹೌದೋ ಅಲ್ಲೋ?"

"ಹೌದು," ಎಂದ ಅಣ್ಣ.

"ಹಂಗಾರ ನಿಮ್ಮ ಬದ್ಲಿ ಬ್ಯಾರೆಯವ್ರು ಹಸದ್ರ ದೇವಿಗೆ ಮುಟ್ಟೂದಿಲ್ಲೇನು? ಆಸ್ಪತ್ರ್ಯಾನವ್ರಿಗೆ ತಿಳಿದಿದ್ದು ಹುಲಿಗೆಮ್ಮಗ ತಿಳಿಯೂದಿಲ್ಲೇನು?"

ಅಣ್ಣ ಅವ್ವನ ಕಡೆ ನೋಡಿದ. ಅವ್ವ ಗೋಡೆಯ ಮೇಲಿನ ಹುಲಿಗೆಮ್ಮನ ಪಟದ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಕೈಕಾಲು ತೊಳೆದುಕೊಂಡು ಬಂದು, ಪಟದ ಮುಂದಿನ ಭಂಡಾರದ ಅರಿಶಿನ ಚಿಟಿಕೆಯಷ್ಟು ತೆಗೆದು ಮೊದಲು ಅಣ್ಣನ ಹಣೆಗೆ, ಆಮೇಲೆ ತನ್ನ ಹಣೆಗೆ ಹಚ್ಚಿಕೊಂಡಳು. "ಇವತ್ತಿಂದ ಇದು ನಂದs ಯವ್ವಾ. ಅವಂದಲ್ಲ," ಎಂದು ಪಟಕ್ಕೆ ಹೇಳಿದಳು. ತನ್ನ ತಾಟಿನ ರೊಟ್ಟಿಗಳನ್ನು ಎತ್ತಿ ಅವನ ತಾಟಿಗೆ ಹಾಕಿದಳು.

ಅವ್ವ ಮತ್ತು ವೈನಿ ಒಲೆಯ ಮುಂದೆ ಒಂದು ದಿನವೂ ಜಗಳವಿಲ್ಲದೆ ಕಳೆದವರಲ್ಲ. ವೈನಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಣ್ಣ ತುತ್ತು ಬಾಯಿಗಿಟ್ಟು ಅಗಿಯುತ್ತಲೇ ಇದ್ದ.

"ಏನ ಅಗೀತಿ? ನಿನ್ನ ಸಲುವಾಗಿ ಇಲ್ಲಿ ನಾ ಹಸ್ಕೊಂಡು ಕುಂತೀನಿ. ಲಗೂನ ನುಂಗು," ಎಂದಳು ಅವ್ವ.

ಅವನು ಆರು ರೊಟ್ಟಿ ತಿಂದ. ಏಳನೆಯದನ್ನು ನಾನು ಕೇಳದೆ ಹಾಕಿದೆ, ಅದನ್ನೂ ತಿಂದ.

ಮರುದಿನವೇ ವೈನಿ ತಿದ್ದುಪಡಿ ತಂದಳು. ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಹಸಿದರೆ ಇನ್ನೊಂದು ಮಂಚ ಹಾಕಬೇಕಾಗುತ್ತದೆ, ಆದ್ದರಿಂದ ಪಾಳಿ ಹಚ್ಚಬೇಕು. ದೇವಿಗೆ ದಿನಕ್ಕೊಬ್ಬರ ಒಂದು ಹೊತ್ತಿನ ಊಟ ಮುಟ್ಟಿದರೆ ಸಾಕು, ಯಾರದು ಎಂದು ಅವಳು ಕೇಳುವುದಿಲ್ಲ. ಅವ್ವನಿಗೆ ಬರೀ ಮಂಗಳವಾರ, ಅದು ಹೇಗೂ ದೇವಿಯ ವಾರ. ನನಗೆ ಎರಡು ದಿನ. ಓಣಿಯ ಹೆಣ್ಣುಮಕ್ಕಳು ತಾವೇ ಬಂದು ಒಂದೊಂದು ದಿನ ಕೇಳಿದರು. ಎದುರು ಮನೆಯ ಗಿರಿಜಕ್ಕ ಮಾತ್ರ, "ಒಬ್ಬರ ಬೆವರು ಇನ್ನೊಬ್ಬರ ಮೈಯಾಗ ಹಾಕಿದ್ರ ನಾತ ಬರೂದಿಲ್ಲೇನವಾ?" ಎಂದು ನಳದ ಹತ್ತಿರ ಹೇಳಿ ನಗಿಸಿದ್ದಳು. ವೈನಿ ಅವಳನ್ನು ಕರೆಸಿ ಒಳ್ಳೆಯ ಮಾತಿನಲ್ಲೇ ಕೂರಿಸಿಕೊಂಡು ಗುರುವಾರ ಕೊಟ್ಟಳು. ಗಿರಿಜಕ್ಕನಿಗೆ ಇಲ್ಲ ಎನ್ನಲಾಗಲಿಲ್ಲ.

ಶುಕ್ರವಾರ ತೆಗೆದುಕೊಂಡವನು ಡಿಪೋದ ಮೆಹಬೂಬ. ಒಂದು ಸಂಜೆ ಅಣ್ಣನ ಹಿಂದೆ ಹಿಂದೆ ಬಂದು ಬಾಗಿಲಲ್ಲೇ ನಿಂತ. "ಯಕ್ಕಾರ, ನನಗ ಗೊತ್ತಿದ್ದಿಲ್ರಿ. ಹೊಟ್ಟಿ ಸರಿ ಇಲ್ಲ, ನೀ ತಿನ್ನು ಅಂತಿದ್ದ. ತಿಂಗಳೆಲ್ಲಾ ನಾನs ತಿಂದೀನಿ. ನನ್ನ ಪಾಳಿನೂ ಒಂದಿರ್ಲಿ," ಎಂದ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ, "ಆದ್ರ ಹೋಳಿಗಿ ಭಾಳ ಚಲೋ ಆಗಿದ್ವು ತಂಗಿ," ಎಂದ.

ಅದರ ಮರುದಿನ ಅಣ್ಣ ಡಿಪೋದಿಂದ ಬಂದು ಡಬ್ಬಿಯನ್ನು ನನ್ನ ಮುಂದೆ ಇಟ್ಟ. ಡಬ್ಬಿ ತೊಳೆದಿರಲಿಲ್ಲ. ತಳಕ್ಕೆ ಶೇಂಗಾ ಚಟ್ನಿ ಒಣಗಿ ಅಂಟಿತ್ತು, ಮುಚ್ಚಳ ಸೊಟ್ಟಗೆ ಕುಳಿತಿತ್ತು. ನಾನು ಅದನ್ನು ಹಿತ್ತಿಲಿಗೆ ಒಯ್ದು ನಿಧಾನವಾಗಿ ಉಜ್ಜಿದೆ.

*

ಮೂರನೆಯ ಸೀಸೆಯ ಫಲಿತಾಂಶ ನೋಡಲು ಲ್ಯಾಬಿಗೆ ಅವ್ವನೂ ಬಂದಳು. ಮೆಟ್ಟಿಲು ಇಳಿಯಲು ಬಹಳ ಹೊತ್ತು ಹಿಡಿಯಿತು. ಹಿಂದಿನ ದಿನ ಮಧ್ಯಾಹ್ನ ತಟ್ಟೆಗೆ ಅಣ್ಣನ ಬೆವರು, ಕೆಂಪು ಹನಿ ಎರಡೂ ಬಿದ್ದಿದ್ದವು. ಬಡಿಗೇರರು ಬಾಗಿಲಲ್ಲೇ ಸಿಕ್ಕರು, "ನೀವs ನೋಡ್ರಿ," ಎಂದು ಪರದೆ ಹಚ್ಚಿದರು.

ಕಾಳು ಬಡಿಯುತ್ತಿತ್ತು. ಮುದುಡುತ್ತಿತ್ತು, ಅರಳುತ್ತಿತ್ತು. ಮೊದಲ ದಿನ ನೋಡಿದ್ದಕ್ಕಿಂತ ಸ್ವಲ್ಪ ನಿಧಾನ, ಆದರೆ ತಪ್ಪದೆ. ಪಕ್ಕದ ತಟ್ಟೆಯಲ್ಲಿ ಬೆವರಿಲ್ಲದೆ ಕೆಂಪು ಹನಿ ಮಾತ್ರ ಹಾಕಿದ ಇನ್ನೊಂದು ಕಾಳಿತ್ತು. ಅದು ಸುಮ್ಮನಿತ್ತು.

"ಇದು ಕಸ್ತೂರಿದs?" ಎಂದು ಕೇಳಿದಳು ಅವ್ವ.

"ಹೌದ್ರಿ ಅಮ್ಮಾರ."

ಅವ್ವ ಗಾಜಿನ ಹತ್ತಿರ ಬಗ್ಗಿದಳು. "ಇಷ್ಟs ಇಷ್ಟು ಐತಿ. ಎಷ್ಟು ಮಾತಾಡ್ತೈತಿ," ಎಂದಳು.

ಅಣ್ಣ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಬಡಿಗೇರರು ಅವನ ಬೆನ್ನ ಮೇಲೆ ಕೈಯಿಟ್ಟರು. "ಗುರುತು ಹಿಡೀತು ನೋಡ್ರಿ ನಿಮ್ಮನ್ನ."

ಅದೇ ಸಂಜೆ ಸೀಸೆಯ ಬೆವರನ್ನು ವೈನಿಗೆ ಏರಿಸಿದರು. ಅದಕ್ಕೆ ಬಣ್ಣವಿರಲಿಲ್ಲ, ಅಕ್ಕಿ ತೊಳೆದ ನೀರಿನಷ್ಟು ಮಸುಕು. ಅಣ್ಣ ಕಾಟಿನ ಪಕ್ಕ ನಿಂತು ಹನಿ ಹನಿ ಇಳಿಯುವುದನ್ನು ಎಣಿಸುವವನ ಹಾಗೆ ನೋಡುತ್ತಿದ್ದ.

"ಏನರ ಆಗಾಕತ್ತೈತೇನು?" ಎಂದು ಕೇಳಿದ.

"ಹೂಂ," ಎಂದಳು ವೈನಿ. "ಬಸ್ಸಿಗೆ ಚಾರ್ಜು ಹಾಕಬೇಕು ಅನಸಾಕತ್ತೈತಿ."

ಮರುದಿನ ಕೆಂಪು ಔಷಧ ಕೊಟ್ಟರು. ಹತ್ತು ದಿನದ ನಂತರ ಹೃದಯದ ಚಿತ್ರ ತೆಗೆದಾಗ ಅಂಕಿ ಐವತ್ತೊಂದರಲ್ಲೇ ಇತ್ತು. ಏರಿರಲಿಲ್ಲ, ಇಳಿದಿರಲಿಲ್ಲ. ಡಾ. ನದಾಫರು ಅಂಥದ್ದನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ವಿಚಿತ್ರವೆನಿಸಿತು. ನಾಲ್ಕನೆಯ ಸಲದ ನಂತರ ಐವತ್ತೆರಡು. ಐದನೆಯದರ ಹೊತ್ತಿಗೆ ಅಣ್ಣನಿಗೆ ಜ್ವರ ಬರುವ ಲಕ್ಷಣವಿತ್ತು, ಡಾಕ್ಟರು ಮುನ್ನೆಚ್ಚರಿಕೆಗೆ, ಆರನೆಯದಕ್ಕಾದರೂ ಆದೀತೆಂದು, ನನಗೂ ತಯಾರಾಗಲು ಹೇಳಿದರು. ನಾನು ಗೌಡರ ಪಕ್ಕದ ಸೈಕಲ್ ಹತ್ತಿದೆ. ಮೊದಲ ದಿನ ಕಣ್ಣು ಮುಚ್ಚಿಕೊಂಡೇ ತುಳಿದೆ. ಎರಡನೆಯ ದಿನ ಕಣ್ಣು ತೆರೆದು ನೋಡಿದರೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಎಲ್ಲರಿಗೂ ತಮ್ಮ ತಮ್ಮ ಉಸಿರಿನ ಚಿಂತೆ. ಅಣ್ಣನಿಗೆ ಜ್ವರ ಬರಲಿಲ್ಲ, ಆದರೂ ನಾನು ಹೋಗುವುದನ್ನು ಬಿಡಲಿಲ್ಲ. ಬೆವರು ಕೊಡುವ ಕೋಣೆಯ ಗೋಡೆಗೆ ಡಾಕ್ಟರು ಹೊಸ ಬೋರ್ಡು ಹಾಕಿಸಿದ್ದರು: 'ಬೆವರು ಕೊಡುವವರು ಉಪವಾಸ ಇರಬಾರದು. ಹರಕೆ ಇದ್ದರೆ ಮನೆಯ ಬೇರೆಯವರಿಗೆ ಒಪ್ಪಿಸಿ.' ಹೊಸದಾಗಿ ಬಂದವರು ಅದನ್ನು ಓದಿ, ಒಬ್ಬರ ಮುಖ ಒಬ್ಬರು ನೋಡಿ, ಮೆಲ್ಲಗೆ ತಮ್ಮೊಳಗೇ ಮಾತಾಡಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಆರೂ ಮುಗಿದವು. ಅಂಕಿ ಐವತ್ತನಾಲ್ಕು. ಚಿತ್ರದಲ್ಲಿ ಗಡ್ಡೆಯ ಸುಳಿವಿರಲಿಲ್ಲ. ಸರಳು ಎಲುಬಿಗೆ ಕೂಡಿಕೊಂಡಿದೆ, ಇನ್ನು ನಿಲ್ಲಬಹುದು ಎಂದರು. ವೈನಿಗೇ ಧೈರ್ಯ ಬರಲಿಲ್ಲ. ಗೋಡೆ ಹಿಡಿದು ಏಳುತ್ತಿದ್ದಳು, ಅಣ್ಣ ಕೈ ಕೊಡಲು ಬಂದರೆ ಮತ್ತೆ ಕೂರುತ್ತಿದ್ದಳು. ಅವಳು ನಿಲ್ಲುವವರೆಗೂ ಹರಕೆ ಮುಗಿಯುವಂತಿರಲಿಲ್ಲ, ಓಣಿಯವರು ಪಾಳಿ ಪ್ರಕಾರ ಒಂದು ಹೊತ್ತು ಬಿಡುತ್ತಲೇ ಇದ್ದರು.

ಒಂದು ದಿನ ಮಧ್ಯಾಹ್ನ ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಅವ್ವ ಮಲಗಿದ್ದಳು. ವೈನಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಂಗಳದ ಕಟ್ಟೆಯ ಮೇಲೆ ಹಾಲಿನ ಪಾತ್ರೆ ಇತ್ತು. ಓಣಿಯ ಬೆಕ್ಕು ಬಂದು ಅದರ ಮುಚ್ಚಳ ಸರಿಸಿತು. ವೈನಿ "ಹಚ್ಚಾ," ಎಂದಳು. ಬೆಕ್ಕು ಕದಲಲಿಲ್ಲ. ವೈನಿ ಅದನ್ನೂ ಅದರ ತಾಯಿಯನ್ನೂ ಅದನ್ನು ಸಾಕಿದವರನ್ನೂ ಸೇರಿಸಿ ಉದ್ದಕ್ಕೆ ಬೈದಳು, ಒಂದೇ ಉಸಿರಿಗೆ. ಬೈಯುತ್ತ ಬೈಯುತ್ತ ಎದ್ದು, ಹೊಸ್ತಿಲು ದಾಟಿ, ಕಟ್ಟೆಯವರೆಗೆ ಹೋಗಿ ಕೈಯಲ್ಲಿದ್ದ ಸಿಪ್ಪೆಯನ್ನು ಅದರ ಮೇಲೆ ಎಸೆದಳು. ಬೆಕ್ಕು ಗೋಡೆ ಹಾರಿತು.

ಆಮೇಲೆ ಅವಳಿಗೆ ತಾನು ಎಲ್ಲಿ ನಿಂತಿದ್ದೇನೆ ಎಂದು ತಿಳಿಯಿತು. ಸುತ್ತ ಹಿಡಿಯಲು ಗೋಡೆ ಇರಲಿಲ್ಲ. ಅವಳು ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು, ಒಳಗಿನದನ್ನು ಕೇಳುವವಳ ಹಾಗೆ. ಏದುಸಿರು ಇರಲಿಲ್ಲ. ತಿರುಗಿದಾಗ ಅಡುಗೆ ಮನೆಯ ಬಾಗಿಲಲ್ಲಿ ನಾನು ಕಂಡೆ, ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು.

ಅವ್ವನನ್ನು ಎಬ್ಬಿಸಲು ಬಾಯಿ ತೆರೆದೆ. ವೈನಿ ಬೆರಳು ಎತ್ತಿದಳು.

"ತಡಿ. ಇವತ್ತ ಯಾವ ವಾರ?"

"ಗುರುವಾರ."

"ಯಾರ ಪಾಳಿ?"

"ಗಿರಿಜಕ್ಕಂದು."

ವೈನಿ ಎದುರು ಮನೆಯ ಕಡೆ ಒಮ್ಮೆ ನೋಡಿದಳು. ಹಾಲಿನ ಪಾತ್ರೆಯ ಮುಚ್ಚಳ ಸರಿಪಡಿಸಿದಳು. ಆಮೇಲೆ ನಿಧಾನವಾಗಿ, ಏನನ್ನೂ ಹಿಡಿಯದೆ, ನಡೆದು ಬಂದು ತನ್ನ ಜಾಗದಲ್ಲಿ ಕುಳಿತು ಅವರೆಕಾಯಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

"ಹಂಗಾರ ನಾಳೆ ಮುಂಜಾನೆ ಹೇಳೂಣು," ಎಂದಳು.